ಹೆಸರು ಬರೆಸಿದ ಮೇಲೆ

ಹನಗೋಡಿನ ಕಡೆ ಸಾಲದ ಮಾತಾಗಲಿ ಮದುವೆಯ ಮಾತಾಗಲಿ, ಕೊನೆಗೆ 'ಬೇಲ್ ಹೋಗ್ಲಿ, ನೋಡೋಣ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಚಿಲ್ಕುಂದದಲ್ಲೋ ಕಟ್ಟೆಮಳಲವಾಡಿಯಲ್ಲೋ ತಂಬಾಕು ಮಂಡಳಿಯ ಹರಾಜಿನಲ್ಲಿ ಹೊಗೆಸೊಪ್ಪಿನ ಬೇಲ್ ಮಾರಾಟವಾಗಿ ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆ ಅಂಗಡಿ ಬಾಕಿ, ಮಗಳ ಫೀಸು, ಹೊಸ ಬೈಕು. ಊರೊಳಗೆ ಈ ಗಡುವಿಗೆ ಬೆಲೆಯಿದೆ, ಏಕೆಂದರೆ ಅಂಗಡಿಯವನಿಗೂ ಎಷ್ಟೋ ಸಲ ಸೊಪ್ಪು ಹದಮಾಡುವ ಒಂದು ಬ್ಯಾರನ್ ಇರುತ್ತದೆ. ಆದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಹುಡುಗನೊಬ್ಬ ದೂರದ ಪಟ್ಟಣದಲ್ಲಿ ಒಬ್ಬನೇ ಕೂತು ಎಫೆಕ್ಟ್ಸ್ ಪೆಡಲ್ ಮಾಡುವವನ ಬಳಿ ಹೆಸರು ಬರೆಸಿದಾಗ, ಆ ಕಡೆಯವನಿಗೆ ನಮ್ಮ ಬೇಲಿನ ಲೆಕ್ಕ ಗೊತ್ತಿರುವುದಿಲ್ಲ. ಅವನಿಗೆ ಗೊತ್ತಿರುವುದು ಪಟ್ಟಿಯಲ್ಲಿ ಒಂದು ಹೆಸರಿದೆ ಎಂಬುದಷ್ಟೇ. ಆ ಹೆಸರನ್ನು ನಂಬಿ ಅವನು ಸಾಮಾನು ತರಿಸುತ್ತಾನೆ.

ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಲೋಹದ ಪೆಟ್ಟಿಗೆ. ತಂತಿಯ ಸ್ವರವನ್ನು ಅದು ಒರಟಾಗಿಸುತ್ತದೆ, ಉದ್ದವಾಗಿಸುತ್ತದೆ, ಪ್ರತಿಧ್ವನಿಸುತ್ತದೆ. 1962ರಲ್ಲಿ ಅಮೆರಿಕದಲ್ಲಿ ಮೆಸ್ಟ್ರೊ ಫಝ್-ಟೋನ್ ಬಂತು, 1966ರಲ್ಲಿ ಲಂಡನ್ನಿನಿಂದ ಗುಂಡನೆಯ ಫಝ್ ಫೇಸ್. ಈಗ ದೊಡ್ಡ ಕಂಪನಿಗಳ ಪೆಡಲ್ ಸಿದ್ಧವಾಗಿ ಸಿಗುತ್ತದೆ, ದುಡ್ಡು ಕೊಟ್ಟು ತರಬಹುದು. ನಮ್ಮ ದೇಶದಲ್ಲೂ ಮಾಡುವವರಿದ್ದಾರೆ. ಮುಂಬೈನ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಅವರಲ್ಲಿ ಹೆಸರಾದದ್ದು. ನಾನು ಹೇಳಹೊರಟಿರುವುದು ಇನ್ನೂ ಚಿಕ್ಕವರ ವಿಷಯ. ಮನೆಯ ಒಂದು ಮೇಜೇ ಕಾರ್ಖಾನೆ, ಬೆಸುಗೆ ಹಾಕುವವನೇ ಪಾರ್ಸೆಲ್ ಕಟ್ಟುವವನು, ಫೋನ್ ಎತ್ತುವವನೂ ಅವನೇ.

ಅಂಥವನ ಮೇಜಿನ ಮೇಲೆ ಏನು ನಡೆಯುತ್ತದೆ ಎಂದು ತಿಳಿದರೆ ಕಾಯುವುದು ಸುಲಭವಾಗುತ್ತದೆ. ಹಳೆಯ ಫಝ್ ಫೇಸ್ ಬಗೆಯ ಪೆಡಲಿಗೆ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್ ಬೇಕು. ಒಂದೇ ನಂಬರಿನ, ಒಂದೇ ಡಬ್ಬಿಯಿಂದ ತೆಗೆದ ಎರಡು ಟ್ರಾನ್ಸಿಸ್ಟರುಗಳೂ ಒಂದೇ ಥರ ಇರುವುದಿಲ್ಲ. ಒಂದು ಹೆಚ್ಚು ವರ್ಧಿಸುತ್ತದೆ, ಇನ್ನೊಂದು ಕರೆಂಟನ್ನು ಸೋರಿಸುತ್ತದೆ. ಒಂದೊಂದನ್ನೂ ಅಳೆದು ಜೋಡಿ ಹುಡುಕಬೇಕು. ಅಳೆಯುವಾಗ ಬೆರಳು ತಾಗಿದರೆ ಆ ಬಿಸಿಗೇ ಮೀಟರಿನ ಅಂಕಿ ಏರುತ್ತದೆ. ಕೆಳಗಿಟ್ಟು, ತಣ್ಣಗಾಗಲು ಬಿಟ್ಟು, ಮತ್ತೆ ಅಳೆಯಬೇಕು. ಇವು ಬಹುಪಾಲು ಹಳೆಯ ದಾಸ್ತಾನು, ಖಾಲಿಯಾದರೆ ಹೊಸ ಮೂಲ ಹುಡುಕಬೇಕು. ರೆಸಿಸ್ಟರು, ಕೆಪಾಸಿಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆದರೆ ಒಳ್ಳೆಯ ಕಾಲ್ಸ್ವಿಚ್ಚನ್ನು ಎಷ್ಟೋ ಸಲ ಹೊರದೇಶದಿಂದಲೇ ತರಿಸಬೇಕು. ಐದು ಹೆಸರು ಬಂದರೆ ಐದಕ್ಕಾಗುವಷ್ಟು ತರಿಸುತ್ತಾನೆ. ಅವರಲ್ಲಿ ಇಬ್ಬರು ಮೌನವಾಗಿ ಜಾರಿಕೊಂಡರೆ ಅವನ ಆ ತಿಂಗಳ ಸಂಪಾದನೆ ಡಬ್ಬಿಯಲ್ಲೇ ಉಳಿಯಿತು.

ಇದು ಗಿಟಾರಿನವರ ಜಗತ್ತಿಗೆ ಮಾತ್ರ ಸೇರಿದ್ದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಮನೆಗಳಿವೆ. ಹಲಸಿನ ಮರ ಒಣಗಬೇಕು, ಹಸಿಯಲ್ಲಿ ಕೊರೆದ ಕೊಡ ಮುಂದೆ ಸೀಳುತ್ತದೆ. ಕೊನೆಯಲ್ಲಿ ಮೇಣದ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕಿವಿಯಿಂದಲೇ ಕೇಳುತ್ತ ಕೂರಿಸಬೇಕು. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ತಪ್ಪುತ್ತದೆ. ಅಲ್ಲಿಗೆ ಹೋಗಿ 'ನಾಳೆ ಬೆಳಿಗ್ಗೆ ಸಿಗುತ್ತಾ?' ಎಂದು ಕೇಳುವವನನ್ನು ಯಾರೂ ಸಂಗೀತ ಬಲ್ಲವನೆನ್ನುವುದಿಲ್ಲ.

ಕಾಯುವುದನ್ನು ಎಷ್ಟೋ ಜನ ಕಲಿತಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನ ಅನಲಾಗ್ ಮ್ಯಾನ್ ಮಾಡುವ ಕಿಂಗ್ ಆಫ್ ಟೋನ್ ಎಂಬ ಪೆಡಲಿಗೆ ಜನ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ನನ್ನ ಕಳವಳ ಕಾಯುವುದರ ಬಗ್ಗೆ ಅಲ್ಲ, ಸರದಿ ಬಂದ ದಿನದ ಬಗ್ಗೆ. ಹೆಸರು ಬರೆಸಿದಾಗ ಇದ್ದ ಆಸೆ ಆ ಹೊತ್ತಿಗೆ ಆರಿರಬಹುದು, ಕೈ ಖಾಲಿಯಿರಬಹುದು, ಬ್ಯಾಂಡೇ ಮುರಿದಿರಬಹುದು. ಇವು ಯಾವುವೂ ತಪ್ಪಲ್ಲ. ತಪ್ಪು ಶುರುವಾಗುವುದು ಫೋನ್ ಎತ್ತದಿರುವಲ್ಲಿ. 'ನಿಮ್ಮದು ರೆಡಿ ಇದೆ' ಎಂಬ ಮೆಸೇಜ್ ನೋಡಿಯೂ ಉತ್ತರಿಸದೆ ದಿನ ತಳ್ಳುವಲ್ಲಿ. ನಮ್ಮಲ್ಲಿ ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಹೀಗೆ ಮಾಡುತ್ತಾರೆ ಎಂಬುದು ನನಗೆ ನೋವಿನ ಸಂಗತಿ. 'ಬೇಡ' ಅಂದರೆ ಮಾಡಿದವನಿಗೆ ಬೇಜಾರಾಗುತ್ತದೇನೋ ಎಂಬ ಸಂಕೋಚಕ್ಕೆ ಬಾಯಿ ಬರುವುದಿಲ್ಲ. ಆದರೆ ಆ ಮೌನದಿಂದ ಅವನಿಗೆ ಆಗುವ ನಷ್ಟ, 'ಬೇಡ' ಎಂಬ ಮಾತಿನಿಂದ ಆಗುವುದಕ್ಕಿಂತ ದೊಡ್ಡದು.

ಲಕ್ಷ್ಮಣತೀರ್ಥಕ್ಕೆ ಹನಗೋಡಿನಲ್ಲಿ ಕಟ್ಟಿದ ಅಣೆಕಟ್ಟೆಯ ನಾಲೆಯ ನೀರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಗದ್ದೆಗೆ ಈ ಸಲ ನೀರು ಬೇಡ ಎಂದಾದರೆ ತೂಬು ಮುಚ್ಚಿ ಕೆಳಗಿನವನಿಗೆ ಕೂಗಿ ಹೇಳುತ್ತೇನೆ. ತೂಬು ತೆರೆದಿಟ್ಟು ಮನೆಗೆ ಹೋಗಿ ಮಲಗಿದರೆ ನನ್ನ ಗದ್ದೆಯೂ ಕೊಳೆಯುತ್ತದೆ, ಅವನದೂ ಒಣಗುತ್ತದೆ. ಪೆಡಲ್ ಪಟ್ಟಿಯಲ್ಲೂ ನಮ್ಮ ಹೆಸರಿನ ಕೆಳಗೆ ಒಬ್ಬನಿದ್ದಾನೆ. ಬಹುಶಃ ನಮ್ಮಂಥದೇ ಊರಿನವನು, ನಮಗಿಂತ ಹೆಚ್ಚು ಆಸೆಯಿಂದ ಕಾದವನು.

ಹಾಗಾದರೆ ಹೇಗೆ ಹೇಳುವುದು? ಉದ್ದ ಕತೆ ಬೇಡ. 'ಅಣ್ಣಾ, ನಮ್ಮದು ಹೊಗೆಸೊಪ್ಪಿನ ಬೇಸಾಯ. ಈ ವರ್ಷ ರೇಟು ಕೈಕೊಡ್ತು, ಈಗ ತಗೊಳ್ಳೋಕೆ ಆಗಲ್ಲ. ನನ್ನ ಸರದಿ ಮುಂದಿನವರಿಗೆ ಕೊಡಿ. ತಡವಾಗೋ ಮೊದಲೇ ಹೇಳ್ತಾ ಇದ್ದೀನಿ' ಎಂದರೆ ಮುಗಿಯಿತು. 'ಪರವಾಗಿಲ್ಲಪ್ಪಾ, ಮುಂದಿನ ಸಲ ನೋಡೋಣ' ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಮುಂಗಡ ಕೊಟ್ಟಿದ್ದರೆ ಅದರಲ್ಲಿ ಎಷ್ಟು ವಾಪಸ್ ಎಂಬುದನ್ನು ಕೊಡುವ ದಿನವೇ ಕೇಳಿ ಬರೆದಿಟ್ಟುಕೊಂಡಿರಬೇಕು. ಆಗ ಈ ದಿನ ಜಗಳಕ್ಕೆ ಜಾಗ ಇರುವುದಿಲ್ಲ.

ಬರೆದಿಡುವ ರೂಢಿ ಇಲ್ಲೇ ಬೇಕಾದದ್ದು. ಹೆಸರು ಬರೆಸಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಬೇಕಾಗುವ ದುಡ್ಡನ್ನು ಬೇಲಿನ ದುಡ್ಡಿನ ಜೊತೆ ಬೆರೆಸದೆ ತಿಂಗಳಿಗಿಷ್ಟು ಎಂದು ಬೇರೆ ಎತ್ತಿಡಬೇಕು. ಪದೇ ಪದೇ ಫೋನ್ ಮಾಡಿ 'ಎಲ್ಲಿಗೆ ಬಂತು?' ಎಂದು ಕೇಳುವುದು ಬೇಡ. ಫೋನ್ ಎತ್ತಲು ಬೆಸುಗೆ ಕಡ್ಡಿ ಕೆಳಗಿಡಬೇಕಾದವನೂ ಅವನೇ. ಅವನು ಹೇಳಿದ ಗಡುವು ದಾಟಿದರೆ ಖಂಡಿತ ಕೇಳಿ, ಅದು ನಿಮ್ಮ ಹಕ್ಕು. ಮಾಡುವವನೂ ತಡವಾದರೆ ತಾನಾಗಿ ಹೇಳಬೇಕು, ಈ ಶಿಸ್ತು ಎರಡೂ ಕಡೆಗೆ ಸೇರಿದ್ದು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಬಿಲ್ ಫಿನ್ನೆಗನ್ ಎಂಬಾತ 1994ರಿಂದ ಸುಮಾರು 8000 ಕ್ಲಾನ್ ಸೆಂಟಾರ್ ಪೆಡಲುಗಳನ್ನು ತಯಾರಿಸಿದ. ಇಂದು ಒಂದೊಂದು ಸಾವಿರಾರು ಡಾಲರಿಗೆ ಕೈ ಬದಲಾಗುತ್ತಿದೆ. ಆ ಏರಿದ ಬೆಲೆಯಲ್ಲಿ ಮಾಡಿದವನಿಗೆ ಪಾಲಿಲ್ಲ. ಇದನ್ನು ನೋಡಿ, ಮುಂದೆ ಮಾರಿ ಲಾಭ ಮಾಡಲೆಂದೇ ಎರಡು ಮೂರು ಹೆಸರಿನಲ್ಲಿ ಬರೆಸುವವರಿದ್ದಾರೆ. ನುಡಿಸುವವನ ಜಾಗವನ್ನು ವ್ಯಾಪಾರಕ್ಕೆ ಹಿಡಿದಿಡುವುದು ಸಣ್ಣತನ.

ಪೆಟ್ಟಿಗೆ ಬಂದ ದಿನ ಬಾಕಿ ಏನಾದರೂ ಇದ್ದರೆ ಅಂದೇ ಕಳಿಸಿ, ಅಂದೇ ನುಡಿಸಿ ನೋಡಿ. ಸದ್ದು ಬರದಿದ್ದರೆ ದೂರುವ ಮೊದಲು ಅಡಾಪ್ಟರ್ ನೋಡಿ. ಸಾಮಾನ್ಯವಾಗಿ ಈ ಪೆಡಲುಗಳಿಗೆ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಹಳೆಯ ಬಗೆಯ ಜರ್ಮೇನಿಯಂ ಫಝ್‌ಗಳಲ್ಲಿ ಎಷ್ಟೋ ಪಾಸಿಟಿವ್ ಗ್ರೌಂಡಿನವು. ಅವನ್ನು ಉಳಿದ ಪೆಡಲುಗಳ ಜೊತೆ ಒಂದೇ ವೈರಿಗೆ ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಪ್ರತ್ಯೇಕ ಬ್ಯಾಟರಿ ಹಾಕಿ ನೋಡಿ. ಆಗಲೂ ಸದ್ದಿಲ್ಲದಿದ್ದರೆ ಊರಿನವರಿಗೆಲ್ಲ ಹೇಳುವ ಮೊದಲು ಮಾಡಿದವನಿಗೆ ಹೇಳಿ, ಯಾವ ಗುಂಡಿ ತಿರುಗಿಸಿದಾಗ ಏನಾಯಿತು ಎಂದು ಒಂದು ಚಿಕ್ಕ ವಿಡಿಯೊ ಕಳಿಸಿ. ಅವನು ತನ್ನ ಮೇಜಿನಿಂದಲೇ ಎಲ್ಲಿ ಕೆಟ್ಟಿದೆ ಎಂದು ಊಹಿಸಬಲ್ಲ.