ನಾಣ್ಯದ ಮುಖ, ನಾಣ್ಯದ ಬೆಲೆ

ವಸ್ತುವಿನ ಬೆಲೆಯು ವಸ್ತುವಿನಲ್ಲಿಯೇ ಇರುವುದೋ, ಅದನ್ನು ಬಯಸುವವನ ಮನಸ್ಸಿನಲ್ಲಿರುವುದೋ? ಈ ಪ್ರಶ್ನೆಯು ನಾಣ್ಯದ ವಿಷಯದಲ್ಲಿ ಎದುರಾಗುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಎದುರಾಗದು. ಏಕೆಂದರೆ, ಇತರ ವಸ್ತುಗಳ ಬೆಲೆಯನ್ನು ಅಳೆಯಲೆಂದೇ ಹುಟ್ಟಿದುದು ನಾಣ್ಯ. ಅಳೆಯುವ ಕೊಳಗವೇ ಸರಕಾಗಿ ಸಂತೆಗೆ ಬಂದರೆ ಅದನ್ನು ಅಳೆಯುವುದು ಯಾವುದರಿಂದ?

2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯು ಕಾಲವಾದಳು. ಆ ವರ್ಷ ಮುಗಿಯುವುದರೊಳಗೆ ಮೂರನೆಯ ಚಾರ್ಲ್ಸ್ ದೊರೆಯ ಮುಖವುಳ್ಳ ನಾಣ್ಯಗಳು ಅಲ್ಲಿ ಚಲಾವಣೆಗೆ ಬಂದುವು. ರಾಣಿಯ ನಾಣ್ಯಗಳನ್ನು ಈಗಲೇ ತೆಗೆದಿಟ್ಟರೆ ಮುಂದೆ ಬೆಲೆ ಏರುವುದೇ ಎಂಬ ಆಸೆಯು ಅನೇಕರಲ್ಲಿ ಮೂಡಿತು. ಚಿತ್ರದುರ್ಗದ ಸೀಮೆಗೆ ಈ ಆಸೆಯು ಹೊಸದಲ್ಲ. ಮೈಸೂರು ಸಂಸ್ಥಾನದ ಟಂಕಸಾಲೆಯು 1843ರಲ್ಲಿ ಮುಚ್ಚಿದ ತರುವಾಯ ಇಲ್ಲಿ ನಡೆದುದು ಇಂಗ್ಲಿಷರ ರೂಪಾಯಿ. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್ ಎಂಬ ನಾಲ್ವರ ಮುಖಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸಂತೆಗಳಲ್ಲಿ ಕೈಯಿಂದ ಕೈಗೆ ಸಾಗಿ, 1950ರಲ್ಲಿ ಅಶೋಕಸ್ತಂಭದ ಸಿಂಹಗಳಿಗೆ ಎಡೆಗೊಟ್ಟುವು. ಉಳಿದವು ಹಳೆಯ ಪೆಟ್ಟಿಗೆಗಳಲ್ಲಿಯೂ, ದೇವರ ಮನೆಯ ಭರಣಿಗಳಲ್ಲಿಯೂ ಸೇರಿಕೊಂಡಿರುವುವು. ಅವುಗಳನ್ನು ಹೊರತೆಗೆದು, ಇದಕ್ಕೆ ಲಕ್ಷ ಬಂದೀತೇ ಎಂದು ವಿಚಾರಿಸುವ ಯುವಕರು ಇಂದು ವಿರಳರಲ್ಲ.

ರೂಪಾಯಿ ಎಂಬ ಹೆಸರಿನಲ್ಲಿಯೇ ಒಂದು ತತ್ತ್ವವು ಅಡಗಿರುವುದು. ಪಾಣಿನಿಯು ರೂಪ್ಯಶಬ್ದವನ್ನು ರೂಪಶಬ್ದದಿಂದ ಸಾಧಿಸಿ, ಅದಕ್ಕೆ ಎರಡು ಅರ್ಥಗಳನ್ನು ವಿಧಿಸಿರುವನು: ರೂಪವು ಒತ್ತಲ್ಪಟ್ಟುದು ಒಂದು, ರೂಪವು ಪ್ರಶಸ್ತವಾದುದು ಇನ್ನೊಂದು. ಅಂದರೆ ಲೋಹದ ತುಂಡನ್ನು ನಾಣ್ಯವನ್ನಾಗಿ ಮಾಡುವುದು ಅದರ ಮೇಲಣ ಮುದ್ರೆಯೇ. ಆದರೆ ಛಾಂದೋಗ್ಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಬೋಧಿಸಿದುದು ಇದಕ್ಕೆ ಇದಿರಾದ ದೃಷ್ಟಿ. ಅಲ್ಲಿ ಮಣ್ಣು, ಚಿನ್ನ, ಕಬ್ಬಿಣಗಳೇ ಸತ್ಯ; ಗಡಿಗೆ, ಒಡವೆ ಮೊದಲಾದುವು ಮಾತಿನ ವಿಕಾರಗಳು. ಅಕ್ಕಸಾಲಿಗನು ಉದ್ದಾಲಕನ ಪಕ್ಷದವನು: ರಾಣಿಯಾಗಲಿ ರಾಜನಾಗಲಿ ಅವನಿಗೆ ಬೆಳ್ಳಿಯ ತೂಕವೊಂದೇ ಪ್ರಮಾಣ. ನಾಣ್ಯಸಂಗ್ರಾಹಕನಾದರೋ ನಾಮರೂಪಗಳಿಗೇ ಶರಣಾದವನು; ಒಂದು ಇಸವಿ, ಒಂದು ಚುಕ್ಕೆ, ಮುಕುಟದ ಒಂದು ಗೆರೆ ಬದಲಾದರೂ ಅವನ ಲೆಕ್ಕವು ಬದಲಾಗುವುದು.

ಯಾರ ರೂಪವನ್ನು ಒತ್ತಬೇಕು ಎಂಬ ವಿಷಯದಲ್ಲಿ ಈ ನಾಡಿನ ಅರಸರ ಪದ್ಧತಿಯೂ ಗಮನಾರ್ಹವಾದುದು. ವಿಜಯನಗರದ ವರಾಹಗಳಲ್ಲಿ ಹನುಮಂತನೂ ಉಮಾಮಹೇಶ್ವರರೂ ಕಾಣುವರು. ಮೈಸೂರಿನ ಕಂಠೀರವ ಹಣದಲ್ಲಿ ನರಸಿಂಹನಿರುವನು. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆಯಿರುವುದು. ಅದಕ್ಕೂ ಬಹು ಹಿಂದೆ, ಚಿತ್ರದುರ್ಗದಲ್ಲಿ ದೊರೆತ ಸದಕನ ಮಹಾರಠಿಯ ಸೀಸದ ನಾಣ್ಯಗಳಲ್ಲಿ ಗೂಳಿಯಿದೆ. ಶಾತವಾಹನರು ಕೆಲವು ಬೆಳ್ಳಿಯ ನಾಣ್ಯಗಳಲ್ಲಿ ತಮ್ಮ ಮುಖವನ್ನು ಒತ್ತಿಸಿದುದುಂಟು. ಆದರೂ ಹೆಚ್ಚಿನವರು ತಮ್ಮ ಮುಖವು ಶಾಶ್ವತವಲ್ಲವೆಂಬುದನ್ನು ಅರಿತವರಂತೆ ನಡೆದುಕೊಂಡಿರುವರು.

ಮುಖದ ಅಭಿಮಾನವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಎಂಟನೆಯ ಎಡ್ವರ್ಡನೇ ದೃಷ್ಟಾಂತ. ಒಬ್ಬ ದೊರೆಯ ಮುಖವು ಬಲಕ್ಕೆ ತಿರುಗಿದ್ದರೆ ಮುಂದಿನವನದು ಎಡಕ್ಕೆ ತಿರುಗಿರಬೇಕೆಂಬುದು ಇಂಗ್ಲೆಂಡಿನ ಟಂಕಸಾಲೆಯ ಸಂಪ್ರದಾಯ. ತನ್ನ ಎಡಮಗ್ಗುಲೇ ಚೆಲುವೆಂದು ಭಾವಿಸಿ ಅವನು ಅದನ್ನು ಮೀರಬಯಸಿದನು. ಆದರೆ ಹನ್ನೊಂದು ತಿಂಗಳು ತುಂಬುವುದಕ್ಕೆ ಮುನ್ನವೇ, 1936ರ ಡಿಸೆಂಬರಿನಲ್ಲಿ, ಸಿಂಹಾಸನವನ್ನು ತ್ಯಜಿಸಿದನು. ಪರೀಕ್ಷೆಗೆಂದು ಒತ್ತಿದ ಅವನ ಚಿನ್ನದ ಸವರನ್ ಒಂದು 2020ರಲ್ಲಿ ಹತ್ತು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಯಾರ ಹಸಿವನ್ನೂ ನೀಗದ, ಒಂದು ಸೇರು ರಾಗಿಯನ್ನೂ ಕೊಳ್ಳದ ನಾಣ್ಯಕ್ಕೆ ಇಷ್ಟು ಬೆಲೆ!

ಆದುದರಿಂದ ಬೆಲೆಯು ವಯಸ್ಸಿನಿಂದ ಬರುವುದಿಲ್ಲ, ದುರ್ಲಭತೆಯಿಂದ ಬರುವುದು. 1862ನೆಯ ಇಸವಿಯ ರಾಣಿಯ ರೂಪಾಯಿಯನ್ನು ಅದೇ ಇಸವಿಯನ್ನಿಟ್ಟು 1874ರ ವರೆಗೂ ಒತ್ತುತ್ತಲಿದ್ದರು. ಆದಕಾರಣ ಅದು ಸುಲಭ. 1939ರ ರೂಪಾಯಿಯು ಅದಕ್ಕಿಂತ ಬಹಳ ಕಿರಿದಾದರೂ ಅತಿ ವಿರಳ. 1911ರಲ್ಲಿ ಐದನೆಯ ಜಾರ್ಜನ ನಿಲುವಂಗಿಯ ಹಾರದಲ್ಲಿದ್ದ ಆನೆಯು ಹಂದಿಯಂತೆ ಕಾಣುವುದೆಂದು ಜನರು ಆಕ್ಷೇಪಿಸಲು, ಆ ರೂಪಾಯಿಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಲ್ಲಿ ಆನೆಯ ರೂಪವನ್ನು ತಿದ್ದಿದರು. ಕರಗದೆ ಉಳಿದವುಗಳಿಗೆ ಇಂದು ಆದರ.

ನೀತಿಯ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ. ಧಾನ್ಯವನ್ನು ಎಲ್ಲರೂ ಕೂಡಿಟ್ಟರೆ ಕ್ಷಾಮಕಾಲದಲ್ಲಿ ಎಲ್ಲರೂ ಬದುಕುವರು. ವಿದ್ಯೆಯನ್ನು ಎಲ್ಲರೂ ಗಳಿಸಿದರೆ ಯಾರ ವಿದ್ಯೆಯೂ ಕುಂದದು. ನಾಣ್ಯವನ್ನಾದರೋ ಎಲ್ಲರೂ ಕೂಡಿಟ್ಟರೆ ಯಾರಿಗೂ ಲಾಭವಿಲ್ಲ; ಒಬ್ಬನಿಗೆ ಬೆಲೆ ಬರಬೇಕಾದರೆ ಉಳಿದವರು ಕಳೆದುಕೊಂಡಿರಬೇಕು. ನೆರೆಯವನ ನಷ್ಟವನ್ನೇ ತನ್ನ ಫಲವೆಂದು ಕಾಯುವ ಮನಸ್ಸು ಎಷ್ಟರಮಟ್ಟಿಗೆ ಶುದ್ಧವಾಗಿರಬಲ್ಲುದು? ಆ ಆಸೆಯು ಮೋಸಗಾರರಿಗೂ ಹೊಲವಾಗುವುದು. ಹಳೆಯ ನಾಣ್ಯಗಳನ್ನು ಕೊಳ್ಳುವೆವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು.

ಇದಕ್ಕೆ ಪೂರ್ವಪಕ್ಷವೊಂದುಂಟು. ಬೆಲೆಯ ಆಸೆ ಇಲ್ಲದಿದ್ದರೆ ಹಳೆಯ ನಾಣ್ಯಗಳೆಲ್ಲವೂ ಎಂದೋ ಅಕ್ಕಸಾಲಿಗನ ಮೂಸೆಯನ್ನು ಸೇರುತ್ತಿದ್ದುವಲ್ಲವೆ? ಲೋಭವೇ ಇತಿಹಾಸವನ್ನು ಕಾಪಾಡಿದುದಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಲೋಭವು ಕಾಪಾಡುವುದು ನಾಣ್ಯದ ಶರೀರವನ್ನು ಮಾತ್ರ, ಅದರ ಸಾಕ್ಷ್ಯವನ್ನಲ್ಲ.

ಸಾಕ್ಷ್ಯವೆಂದರೇನೆಂಬುದನ್ನು ಚಿತ್ರದುರ್ಗದ ಚಂದ್ರವಳ್ಳಿಯೇ ತೋರಿಸಿಕೊಡುವುದು. ಅಲ್ಲಿ ಎಂ. ಎಚ್. ಕೃಷ್ಣರೂ, 1947ರಲ್ಲಿ ವ್ಹೀಲರ್ ಸಾಹೇಬರೂ ಅಗೆಯಿಸಿದರು. ವ್ಹೀಲರರ ಅಗೆತದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯವು ದೊರೆಯಿತು. ಅವನು ಆಳಿದುದು ಕ್ರಿ. ಶ. 14ರಿಂದ 37ರ ವರೆಗೆ. ಆ ನಾಣ್ಯವು ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆಯ ಚೂರುಗಳ ಜೊತೆಯಲ್ಲಿ ಇದ್ದಿತೆಂಬುದನ್ನು ಬರೆದಿಟ್ಟುದರಿಂದ, ಹೆಸರಿಲ್ಲದ ಆ ಚೂರುಗಳ ಕಾಲವನ್ನು ನಿಶ್ಚಯಿಸಲು ಆಧಾರ ದೊರೆಯಿತು. ಅದೇ ನಾಣ್ಯವನ್ನು ಯಾರಾದರೂ ರಾತ್ರಿ ಅಗೆದು ಪೇಟೆಯಲ್ಲಿ ಮಾರಿದ್ದರೆ ಟೈಬೀರಿಯಸನ ಮೂಗು ಸವೆಯುತ್ತಿರಲಿಲ್ಲ, ಕ್ರಯವೂ ತಗ್ಗುತ್ತಿರಲಿಲ್ಲ. ಚಂದ್ರವಳ್ಳಿಯು ಮಾತ್ರ ಮೂಕವಾಗುತ್ತಿತ್ತು.

ಮನೆಯ ನಾಣ್ಯಕ್ಕೂ ಇದೇ ನ್ಯಾಯವು ಸಲ್ಲುವುದು. ಕೊಂಡಿಯನ್ನು ಬೆಸೆದು ಸರಕ್ಕೆ ಪೋಣಿಸಿದ ರಾಣಿಯ ರೂಪಾಯಿಯನ್ನು ನಾಣ್ಯವರ್ತಕನು ಕೆಟ್ಟುಹೋದುದೆಂದು ತಳ್ಳುವನು. ಹಬ್ಬದ ಮುನ್ನಾದಿನ ಹುಣಸೆಹಣ್ಣಿನಿಂದ ಉಜ್ಜಿದುದನ್ನೂ ಅವನು ಒಲ್ಲನು. ಲಂಬಾಣಿ ಸ್ತ್ರೀಯರ ಉಡುಗೆಯಲ್ಲಿ ಹೊಲಿಯಲ್ಪಟ್ಟ ನಾಣ್ಯಕ್ಕೂ ಅವನಲ್ಲಿ ಅದೇ ಗತಿ. ಆದರೆ ಆ ಕೊಂಡಿಯೇ ಅದರ ಚರಿತ್ರೆ. ಯಾವ ಮದುವೆಗೆ ಬೆಸೆದುದು, ಯಾರ ಕೊರಳಿನಿಂದ ಯಾರಿಗೆ ಬಂದುದು ಎಂಬುದು ತಿಳಿದಿದ್ದರೆ, ಪೇಟೆಯಲ್ಲಿ ಕೆಟ್ಟ ನಾಣ್ಯವು ಮನೆಯಲ್ಲಿ ಪೂಜ್ಯವಾಗುವುದು.

ಹೀಗೆ ನಾಣ್ಯಕ್ಕೆ ಮೂರು ಬೆಲೆಗಳು. ಲೋಹದ ಬೆಲೆಯನ್ನು ತಕ್ಕಡಿಯು ಹೇಳುವುದು. ದುರ್ಲಭತೆಯ ಬೆಲೆಯನ್ನು ಕೊಳ್ಳುವವನ ಚಾಪಲ್ಯವು ಹೇಳುವುದು. ಅದು ಇಂದು ಏರಿ ನಾಳೆ ಇಳಿಯುವುದು. ಸಾಕ್ಷ್ಯದ ಬೆಲೆಯನ್ನು ಉಳಿಸುವುದು ಒಡೆಯನ ಕೈಯಲ್ಲಿದೆ. ಹಂಚಿಕೊಂಡಷ್ಟೂ ಅದು ಬೆಳೆಯುವುದು. ಸಂಗ್ರಹವು ದೋಷವಲ್ಲ, ಏನನ್ನು ಸಂಗ್ರಹಿಸುತ್ತಿರುವೆನೆಂಬುದನ್ನು ಅರಿಯದಿರುವುದೇ ದೋಷ. ಆದಕಾರಣ ಹಳೆಯ ನಾಣ್ಯವುಳ್ಳವನು ವರ್ತಕನ ಬಳಿಗೆ ಹೋಗುವುದಕ್ಕೆ ಮುನ್ನ ಮನೆಯ ಹಿರಿಯರ ಬಳಿಗೆ ಹೋಗಿ, ಅದು ಬಂದ ಬಗೆಯನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ. ಉಳುವಾಗ ನೇಗಿಲಿಗೆ ಸಿಕ್ಕಿದುದನ್ನು ಶಾಸನದ ವಿಧಿಯಂತೆ ಜಿಲ್ಲಾಧಿಕಾರಿಗೆ ತಿಳಿಸಲಿ. ದೊರೆಗಳ ಮುಖಗಳು ಬದಲಾಗುತ್ತಲೇ ಇರುವುವು. ಮುಂದೆ ಆ ಮುಖದ ಹೆಸರನ್ನು ಪುಸ್ತಕದಲ್ಲಿ ಯಾರಾದರೂ ಓದಿಕೊಂಡಾರು. ಆ ಚೀಟಿಯಲ್ಲಿರುವುದನ್ನು ಹೇಳಬಲ್ಲವರು ಆ ಮನೆಯವರು ಮಾತ್ರ.