ಫಲದ ಹಂಗಿಲ್ಲದ ಆಟ ಮತ್ತು ಒಂದನೆಯ ತರಗತಿ

ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಆಡುತ್ತಲೇ ಕಲಿಯುತ್ತಾರೆ ಎಂಬ ಮಾತನ್ನು ಅಲ್ಲಗಳೆಯುವವರು ಇಂದು ಶಿಕ್ಷಣವನ್ನು ಕುರಿತು ಚಿಂತಿಸುವವರಲ್ಲಿ ವಿರಳ. ತಕರಾರು ಏಳುವುದು ಅದೇ ಮಕ್ಕಳು ಒಂದನೆಯ ತರಗತಿಗೆ ಬಂದ ಮೇಲೆ. ಅಲ್ಲಿಯವರೆಗೆ ಅಂಗನವಾಡಿಯಲ್ಲಿ ಮರದ ತುಂಡುಗಳನ್ನು ಜೋಡಿಸುತ್ತ, ಮಣ್ಣಿನಲ್ಲಿ ಮನೆ ಕಟ್ಟುತ್ತ, ಯಾವ ಆಟವನ್ನು ಯಾರೊಡನೆ ಎಷ್ಟು ಹೊತ್ತು ಆಡಬೇಕೆಂಬುದನ್ನು ಬಹುಮಟ್ಟಿಗೆ ತಾನೇ ನಿರ್ಧರಿಸುತ್ತಿದ್ದ ಮಗು, ಬೇಸಿಗೆ ರಜೆ ಮುಗಿದೊಡನೆ ಸಾಲಿನಲ್ಲಿ ಕುಳಿತು, ಗಂಟೆ ಹೊಡೆದಾಗ ಪುಸ್ತಕ ತೆರೆದು, ಮತ್ತೆ ಗಂಟೆ ಹೊಡೆದಾಗ ಮುಚ್ಚುವುದನ್ನು ರೂಢಿಸಿಕೊಳ್ಳಬೇಕಾಗುತ್ತದೆ. ಈ ತಿರುವನ್ನು ಸಾಮಾನ್ಯವಾಗಿ ವೇಗದ ಪ್ರಶ್ನೆಯಾಗಿ, ಎಂದರೆ ಓದುಬರಹ ಆಟದಿಂದ ಬೇಗ ಬರುತ್ತದೆಯೋ ಪಾಠದಿಂದ ಬೇಗ ಬರುತ್ತದೆಯೋ ಎಂಬ ಲೆಕ್ಕಾಚಾರವಾಗಿ ಚರ್ಚಿಸಲಾಗುತ್ತದೆ. ಆ ಲೆಕ್ಕಾಚಾರಕ್ಕೆ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ತಾತ್ತ್ವಿಕ ಪ್ರಶ್ನೆಯೊಂದಿದೆ: ಒಂದು ಫಲವನ್ನು ಪಡೆಯಲೆಂದು ಆಡಿಸಿದ ಆಟ ಆಟವಾಗಿಯೇ ಉಳಿಯುತ್ತದೆಯೇ?

ಆಟಾಧಾರಿತ ಕಲಿಕೆ ಎಂಬುದು ಪಾಠದ ನಡುವೆ ದಣಿವಾರಿಸಿಕೊಳ್ಳಲು ಬಿಡುವ ಆಟದ ಹೆಸರಲ್ಲ. ವಸ್ತುಗಳನ್ನು ಮುಟ್ಟಿ, ಬಿಚ್ಚಿ, ಕೂಡಿಸಿ, ಕಲ್ಪಿಸಿಕೊಂಡು ಆಡುವಾಗಲೇ ಅರಿವು ಮೂಡುವಂತೆ ಶಾಲೆಯ ಸ್ಥಳವನ್ನೂ ಸಮಯವನ್ನೂ ಸಜ್ಜುಗೊಳಿಸುವ ಕ್ರಮ ಅದು. ಹಾಗೆ ಸಜ್ಜಾದ ಪರಿಸರದಲ್ಲಿ ಏನನ್ನು ಕೈಗೆತ್ತಿಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು, ತಪ್ಪಿದರೆ ಹೇಗೆ ಸರಿಪಡಿಸಿಕೊಳ್ಳಬೇಕು ಎಂಬುದನ್ನು ಮಗುವೇ ಕಂಡುಕೊಳ್ಳುವುದು ಸ್ವಕಲಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ವಯಸ್ಸನ್ನು ಬುನಾದಿ ಹಂತವೆಂದು ಗುರುತಿಸಿ, ಶಾಲಾಪೂರ್ವದ ಮೂರು ವರ್ಷಗಳೊಡನೆ ಒಂದು ಮತ್ತು ಎರಡನೆಯ ತರಗತಿಗಳನ್ನು ಸೇರಿಸಿತು. 2022ರ ಅಕ್ಟೋಬರ್‌ನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಐದೂ ವರ್ಷಗಳ ಕಲಿಕೆಯ ತಿರುಳಿನಲ್ಲಿ ಆಟವನ್ನಿರಿಸಿತು. ಇದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ನೀತಿಯ ಭಾಷೆಯಲ್ಲಿ ಆಟ ಒಂದು ಸಾಧನ; ಅದರಿಂದ ಅಕ್ಷರಜ್ಞಾನ, ಸಂಖ್ಯಾಜ್ಞಾನಗಳು ಸಿದ್ಧಿಸಬೇಕು. ಮೇಲಿನ ಪ್ರಶ್ನೆಗೆ ಎಡೆಮಾಡಿಕೊಡುವುದು ಈ ನಿರೀಕ್ಷೆಯೇ.

ಭಾರತೀಯ ದರ್ಶನಗಳು ಇಂಥದೇ ಪ್ರಶ್ನೆಯನ್ನು ಸೃಷ್ಟಿಯ ವಿಚಾರದಲ್ಲಿ ಎತ್ತಿಕೊಂಡವು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಬರುವ ಪೂರ್ವಪಕ್ಷ, ಎಂದರೆ ಸಿದ್ಧಾಂತಿಯು ಎದುರಿಸಬೇಕಾದ ಆಕ್ಷೇಪ, ಹೀಗಿದೆ: ಬುದ್ಧಿಯುಳ್ಳವರು ಪ್ರಯೋಜನವಿಲ್ಲದೆ ಯಾವ ಕೆಲಸಕ್ಕೂ ತೊಡಗುವುದಿಲ್ಲ, ಬ್ರಹ್ಮಕ್ಕೆ ಪಡೆಯಬೇಕಾದದ್ದು ಏನೂ ಉಳಿದಿಲ್ಲ, ಆದ್ದರಿಂದ ಬ್ರಹ್ಮವು ಜಗತ್ತನ್ನು ಸೃಷ್ಟಿಸಿರಲಾರದು. ಸೂತ್ರಕಾರರು ಇದಕ್ಕೆ ಉತ್ತರವಾಗಿ ಲೋಕದಲ್ಲಿ ಕಾಣುವ ಲೀಲೆಯತ್ತ ಬೆರಳು ತೋರಿಸುತ್ತಾರೆ. ಇದಕ್ಕೆ ಮೂವರು ಆಚಾರ್ಯರು ಕೊಟ್ಟ ದೃಷ್ಟಾಂತಗಳು ಗಮನಾರ್ಹವಾಗಿವೆ. ಶಂಕರರು ಬಯಕೆಗಳೆಲ್ಲ ಈಡೇರಿದ ರಾಜನ ಅಥವಾ ಅಮಾತ್ಯನ ವಿಹಾರವನ್ನು ಹೇಳಿ, ಹೊರಗಿನ ಯಾವ ಪ್ರಯೋಜನವನ್ನೂ ಎದುರುನೋಡದೆ ಸ್ವಭಾವದಿಂದಲೇ ನಡೆಯುವ ಉಸಿರಾಟವನ್ನು ಅದರ ಜೊತೆಗಿರಿಸುತ್ತಾರೆ. ರಾಮಾನುಜರ ರಾಜ ಸಪ್ತದ್ವೀಪಗಳಿಗೆ ಒಡೆಯನಾಗಿದ್ದೂ ಚೆಂಡಾಡುತ್ತಾನೆ. ಉಡುಪಿಯ ಮಧ್ವಾಚಾರ್ಯರು ರಾಜನನ್ನು ಬಿಟ್ಟು, ಸುಖ ಉಕ್ಕಿ ಹಾಡಿ ಕುಣಿಯುವ ಮತ್ತನನ್ನು ಮುಂದಿಡುತ್ತಾರೆ. ಒಳಗೆ ತುಂಬಿದ್ದು ಹೊರಚೆಲ್ಲುವುದರಿಂದ ಅವನು ಕುಣಿಯುತ್ತಾನೆಯೇ ಹೊರತು ಏನನ್ನೋ ಗಳಿಸಲೆಂದು ಕುಣಿಯುವುದಿಲ್ಲ. ಜೀವ, ಜಗತ್ತು, ಈಶ್ವರರ ಸಂಬಂಧದಲ್ಲಿ ಪರಸ್ಪರ ಒಪ್ಪದ ಈ ಮೂವರೂ, ಕೊರತೆಯಿಂದ ಹುಟ್ಟದ ಕ್ರಿಯೆಯೊಂದಿದೆ, ಅದರ ಸುಳಿವು ಮನುಷ್ಯಲೋಕದಲ್ಲಿಯೇ ಸಿಗುತ್ತದೆ ಎಂಬುದನ್ನು ಒಪ್ಪುತ್ತಾರೆ.

ಇದನ್ನು ಮಗುವಿಗೆ ಅನ್ವಯಿಸುವಾಗ ಅವಸರ ಸಲ್ಲದು. ಬ್ರಹ್ಮ ಪೂರ್ಣ, ಆರು ವರ್ಷದ ಮಗುವಿಗೆ ಓದಲು ಬಾರದು, ಎಣಿಸಲು ಬಾರದು, ಅದು ಬೆಳೆಯಬೇಕಾದದ್ದು ಬಹಳವಿದೆ. ಮಕ್ಕಳನ್ನು ದೇವರೆಂದು ಹಾಡಿ ಹೊಗಳಿ ಅವರ ಕಲಿಕೆಯ ಹೊಣೆಯಿಂದ ನುಣುಚಿಕೊಳ್ಳುವುದು ಭಕ್ತಿಯೂ ಆಗದು, ಶಿಕ್ಷಣವೂ ಆಗದು. ಆದರೂ ಸೂತ್ರಕಾರರು ಲೋಕದ ಆಟದಿಂದ ದೇವರ ಕಡೆಗೆ ಹೋಗುತ್ತಾರೆ ಎಂಬುದನ್ನು ಮರೆಯಬಾರದು. ಆಟ ಫಲನಿರಪೇಕ್ಷವೆಂಬುದು ಅವರ ಮಟ್ಟಿಗೆ ಸಾಧಿಸಬೇಕಾದ ವಿಷಯವಾಗಿರದೆ ಎಲ್ಲರೂ ಬಲ್ಲ ಸಂಗತಿಯಾಗಿದೆ. ಕೊರತೆಗಳುಳ್ಳ ಜೀವಿಯೂ ಆಡುವ ಹೊತ್ತಿನಲ್ಲಿ ಆ ಕೊರತೆಗಳ ಒತ್ತಾಯದಿಂದ ಬಿಡುಗಡೆ ಪಡೆದಿರುತ್ತದೆ. ತೀರ ಹಸಿದ ಮಗು ಆಡುವುದಿಲ್ಲ, ಹೆದರಿದ ಮಗು ಆಡುವುದಿಲ್ಲ. ಈ ದೃಷ್ಟಿಯಿಂದ ಶಾಲೆಯ ಬಿಸಿಯೂಟವೂ ಆಟದ ಪೂರ್ವಸಿದ್ಧತೆಯೇ ಆಗಿದೆ. ಇನ್ನು ಫಲದ ಮಾತು. ಕ್ರಿಯೆಯಿಂದ ಫಲ ಬರುವುದು ಬೇರೆ, ಫಲವನ್ನು ಬಯಸಿಯೇ ಕ್ರಿಯೆಗೆ ತೊಡಗುವುದು ಬೇರೆ ಎಂಬ ವಿವೇಕ ಗೀತೆಯನ್ನು ಓದಿದ ಯಾರಿಗೂ ಹೊಸದಲ್ಲ. ಆಟದಿಂದ ಮಗುವಿಗೆ ಅಕ್ಷರ ಬರಬಹುದು, ಬರಲಿ. ಆದರೆ ಅಕ್ಷರದ ಬಯಕೆ ಮಗುವಿನ ಆಟದೊಳಕ್ಕೆ ದೊಡ್ಡವರ ಕೈಯಿಂದ ತುರುಕಲ್ಪಟ್ಟಾಗ ಆಟ ಕೆಡುತ್ತದೆ. ಉದ್ದೇಶವು ಏರ್ಪಾಡು ಮಾಡುವವರಲ್ಲಿರಬಹುದು, ಆಡುವವರಲ್ಲಿ ಇರಬೇಕಾಗಿಲ್ಲ ಎಂಬ ಈ ಭೇದವನ್ನು ಹಿಡಿದುಕೊಂಡರೆ ಆಟಾಧಾರಿತ ಕಲಿಕೆ ಎಂಬ ಮಾತಿನಲ್ಲಿ ಕಾಣುವ ವಿರೋಧ ಕರಗುತ್ತದೆ. ಈ ಭೇದವನ್ನು ನಡೆನುಡಿಯಲ್ಲಿ ಉಳಿಸಿಕೊಳ್ಳುವುದು ಮಾತ್ರ ಸುಲಭವಲ್ಲ.

ಅದು ಎಷ್ಟು ಕಷ್ಟವೆಂಬುದಕ್ಕೆ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಆರಂಭಿಸಿದ ಚಳವಳಿ ಸಾಕ್ಷಿ. ಲೂಥರನ್ ಪಾದ್ರಿಯ ಮಗನಾಗಿ 1782ರಲ್ಲಿ ಹುಟ್ಟಿದ ಫ್ರೋಬೆಲ್, ಎಲ್ಲ ವಸ್ತುಗಳಲ್ಲಿಯೂ ದೇವರ ಏಕತೆ ನೆಲೆಸಿದೆ, ಆ ಏಕತೆಯನ್ನು ಒಳಗಿನಿಂದ ಹೊರಕ್ಕೆ ಪ್ರಕಟಿಸುವುದೇ ಮನುಷ್ಯನ ಬೆಳವಣಿಗೆ, ಬಾಲ್ಯದಲ್ಲಿ ಆ ಪ್ರಕಟಣೆಯ ಅತ್ಯುನ್ನತ ರೂಪ ಆಟ ಎಂದು ನಂಬಿದ್ದರು. 1826ರಲ್ಲಿ ಮನುಷ್ಯನ ಶಿಕ್ಷಣವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಮತವನ್ನು ವಿವರಿಸಿದರು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವರು ತೆರೆದ ಸಂಸ್ಥೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಪಡೆಯಿತು. ಮಕ್ಕಳ ಕೈಗೆ ಅವರು ಕೊಟ್ಟ ಆಟಿಕೆಗಳನ್ನು ಉಡುಗೊರೆಗಳೆಂದು ಕರೆದರು: ಮೊದಲನೆಯದು ಬಣ್ಣಬಣ್ಣದ ಉಣ್ಣೆಯ ಚೆಂಡುಗಳು, ಎರಡನೆಯದು ಮರದ ಗೋಲ, ಘನ, ಸ್ತಂಭಾಕೃತಿಗಳು, ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಿ ಮತ್ತೆ ಒಂದಾಗಿ ಕೂಡಿಸಬಹುದಾದ ದೊಡ್ಡ ಘನ. ಬಿಡಿಬಿಡಿಯಾದದ್ದು ಇಡಿಯಾಗುವ ಅನುಭವ ಬೆರಳ ತುದಿಯಲ್ಲಿ ಆಗಬೇಕೆಂಬುದು ಇಲ್ಲಿನ ಆಶಯ. ಹೀಗಿದ್ದೂ 1851ರ ಆಗಸ್ಟ್‌ನಲ್ಲಿ ಪ್ರಷ್ಯಾದ ಸರ್ಕಾರ ನಾಸ್ತಿಕತೆ ಮತ್ತು ಸಮಾಜವಾದಗಳನ್ನು ಹರಡುತ್ತಿವೆಯೆಂದು ಆರೋಪಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಫ್ರೋಬೆಲ್‌ರ ಅಣ್ಣನ ಮಗ ಕಾರ್ಲ್ ಬರೆದ ಒಂದು ಪುಸ್ತಿಕೆಯ ವಿಚಾರಗಳನ್ನು ಇವರದೆಂದು ಭಾವಿಸಿದ್ದೂ ಇದಕ್ಕೆ ಒಂದು ಕಾರಣ. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು; ನಿಷೇಧ ತೆರವಾದದ್ದು 1860ರಲ್ಲಿ. ಧರ್ಮವೆಂದರೆ ಹಿರಿಯರ ಬಾಯಿಂದ ಕಿರಿಯರ ಕಿವಿಗೆ ಇಳಿಯುವ ವಿಧಿನಿಷೇಧಗಳು ಎಂದು ತಿಳಿದವರಿಗೆ, ಸತ್ಯವು ಮಗುವಿನ ಕೈಕೆಲಸದಲ್ಲಿಯೇ ಮೊಳೆಯಬಲ್ಲದೆಂಬ ಮಾತು ಅಧರ್ಮವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ; ಆದರೆ ಆ ಆರೋಪ ಘೋರ ಅನ್ಯಾಯವಾಗಿತ್ತು. ನಿಷೇಧಕ್ಕಿಂತ ಹೆಚ್ಚಿನ ಹಾನಿ ಬಂದದ್ದು ಅನುಯಾಯಿಗಳಿಂದ. ಎಷ್ಟೋ ಕಡೆ ಉಡುಗೊರೆಗಳ ಆಟ ಶಿಕ್ಷಕಿಯ ಅಪ್ಪಣೆಯಂತೆ ಮಕ್ಕಳೆಲ್ಲ ಒಟ್ಟಿಗೆ ಘನಗಳನ್ನು ಎತ್ತಿ ಇಡುವ ಕವಾಯತಾಯಿತು. ಆಟಿಕೆಗಳು ಉಳಿದವು, ಆಟ ಹೋಯಿತು.

ಆಟದ ಪಕ್ಷಕ್ಕೆ ಎದುರಾಗಿ ನಿಂತವರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಪ್ರಮುಖರು. 1803ರಲ್ಲಿ ಪ್ರಕಟವಾದ ಶಿಕ್ಷಣವನ್ನು ಕುರಿತ ಉಪನ್ಯಾಸಗಳಲ್ಲಿ ಅವರು, ಮಗುವಿಗೆ ಆಟವೂ ವಿರಾಮವೂ ಬೇಕು, ಆದರೆ ಎಲ್ಲವನ್ನೂ ಆಟವಾಗಿಯೇ ಕಲಿಸಹೊರಟರೆ ಮಗು ದುಡಿಮೆಯನ್ನು ಕಲಿಯುವುದು ಯಾವಾಗ ಎಂದು ಆಕ್ಷೇಪಿಸುತ್ತಾರೆ. ದುಡಿಮೆ ಎಂದರೆ ಅವರ ಅರ್ಥದಲ್ಲಿ ತನಗೆ ಹಿತವಲ್ಲದಿದ್ದರೂ ಮುಂದಿನ ಗುರಿಗಾಗಿ ಮಾಡುವ ಕೆಲಸ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಬಾಲಕೃಷ್ಣನ ತುಂಟಾಟಗಳನ್ನು ಮನದುಂಬಿ ಹಾಡಿದ ಪುರಂದರದಾಸರೇ ಸಂಗೀತ ಕಲಿಯುವವರಿಗೆ ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆಗಳನ್ನು ಕ್ರಮವಾಗಿ ಹಾಕಿಕೊಟ್ಟರೆಂಬುದು ಕರ್ನಾಟಕ ಸಂಗೀತದ ಪರಂಪರೆಯ ನಂಬಿಕೆ. ಲೀಲೆಯನ್ನು ಬಲ್ಲವರಿಗೆ ಅಭ್ಯಾಸದ ಬೆಲೆಯೂ ಗೊತ್ತಿತ್ತು. ಆದರೆ ಕಾಂಟ್‌ರ ವಾದದಲ್ಲಿ ಒಂದು ಅಂಶ ಬಿಟ್ಟುಹೋಗಿದೆ: ಮಗು ತಾನಾಗಿ ಆರಿಸಿಕೊಂಡ ಆಟದಲ್ಲಿ ಪಡುವ ಶ್ರಮ ಅಲ್ಪವಲ್ಲ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದ ಮಗು ಯಾರೂ ಹೇಳದೆ ಮತ್ತೆ ಮೊದಲಿನಿಂದ ಕುಂಟುತ್ತದೆ, ಮತ್ತೆ ತುಳಿಯುತ್ತದೆ, ಮತ್ತೆ ಕುಂಟುತ್ತದೆ. 1907ರಲ್ಲಿ ರೋಮ್ ನಗರದ ಬಡಜನರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದು, ಮುಂದೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟ ಮಾರಿಯಾ ಮಾಂಟೆಸ್ಸೊರಿ ಇಂಥ ತಾದಾತ್ಮ್ಯವನ್ನು ಕಂಡೇ, ಮಗು ಸ್ವಇಚ್ಛೆಯಿಂದ ಮಾಡುವುದನ್ನು ಕೆಲಸವೆಂದು ಕರೆದರು. ಹೆಸರು ಯಾವುದಾದರೂ ಆಗಲಿ, ಶಿಸ್ತು ಹೊರಗಿನ ಬೆತ್ತದಿಂದ ಬರುವ ಬದಲು ಕೈಗೆತ್ತಿಕೊಂಡ ಕಾರ್ಯದಿಂದಲೇ ಬರುತ್ತದೆ ಎಂಬುದು ಇಲ್ಲಿ ಮುಖ್ಯ.

ಮೇಲೆ ಹೇಳಿದ ಪಠ್ಯಕ್ರಮ ಚೌಕಟ್ಟು ತೈತ್ತಿರೀಯ ಉಪನಿಷತ್ತಿನ ಪಂಚಕೋಶಗಳನ್ನು, ಎಂದರೆ ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ ಎಂಬ ಐದು ಪದರಗಳನ್ನು, ಮಗುವಿನ ಸಮಗ್ರ ಬೆಳವಣಿಗೆಯ ನಕ್ಷೆಯಾಗಿ ಸ್ವೀಕರಿಸಿದೆ. ನಕ್ಷೆಗಿಂತ ಹೆಚ್ಚು ಬೆಲೆಯುಳ್ಳದ್ದು ಅದೇ ಉಪನಿಷತ್ತಿನ ಭೃಗುವಲ್ಲಿಯಲ್ಲಿದೆ. ಬ್ರಹ್ಮವನ್ನು ತಿಳಿಸಿಕೊಡೆಂದು ಕೇಳಿದ ಮಗನಿಗೆ ವರುಣನು ಯಾವುದರಿಂದ ಎಲ್ಲವೂ ಹುಟ್ಟಿ, ಬದುಕಿ, ಯಾವುದರೊಳಗೆ ಸೇರುತ್ತದೆಯೋ ಅದನ್ನು ಹುಡುಕು ಎಂಬ ಒಂದು ಗುರುತನ್ನಷ್ಟೇ ಕೊಟ್ಟು ಕಳುಹಿಸುತ್ತಾನೆ. ಭೃಗು ತಪಸ್ಸು ಮಾಡಿ ಅನ್ನವೇ ಅದು ಎಂದು ಕಂಡುಕೊಂಡು ಮರಳುತ್ತಾನೆ. ತಂದೆ ತಪ್ಪೆಂದು ಗದರುವುದಿಲ್ಲ, ಸರಿಯಾದದ್ದು ಇದೆಂದು ಹೇಳಿಯೂ ಕೊಡುವುದಿಲ್ಲ, ತಪಸ್ಸಿನಿಂದಲೇ ಅರಿಯೆಂದು ಮತ್ತೆ ಕಳುಹಿಸುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದದವರೆಗೆ ಮಗ ತಾನೇ ನಡೆಯುತ್ತಾನೆ. ಭೃಗು ಆರು ವರ್ಷದ ಬಾಲಕನಲ್ಲ, ತಪಸ್ಸು ಆಟವೂ ಅಲ್ಲ. ಆದರೂ ಅರ್ಧ ಸತ್ಯದೊಡನೆ ಮರಳಿ ಬಂದ ಶಿಷ್ಯನ ಮುಂದೆ ಗುರು ಹೇಗೆ ತಾಳ್ಮೆಯಿಂದಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಐದು ಕೋಶಗಳ ಹೆಸರನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿ ವರುಣನ ಈ ತಾಳ್ಮೆಯನ್ನು ಕೈಬಿಟ್ಟರೆ ಉಪನಿಷತ್ತನ್ನು ಬಳಸಿಕೊಂಡಂತಾಗುವುದಿಲ್ಲ.

ಕರ್ನಾಟಕದಲ್ಲಿ ಈ ದಿಕ್ಕಿನ ಅತಿ ವಿಸ್ತಾರವಾದ ಪ್ರಯತ್ನ ನಲಿ-ಕಲಿ. ಸ್ಪರ್ಧೆಯೂ ಹೋಲಿಕೆಯೂ ಭಯವನ್ನು ಹುಟ್ಟಿಸಿ ಕಲಿಕೆಯನ್ನು ಕೊಲ್ಲುತ್ತವೆಂದು ಜೀವನವಿಡೀ ಹೇಳಿದ ಜೆ. ಕೃಷ್ಣಮೂರ್ತಿಯವರ ಚಿಂತನೆಯಿಂದ ರೂಪುಗೊಂಡ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಶಿಕ್ಷಕರು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವ್ಯಾಪಿಸಿತು. ಇಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ ಸಹಾಯ, ಮತ್ತೆ ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದಕ್ಕೆ ಸ್ವಕಲಿಕೆ. ಮಗು ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ತಲುಪಿರುವ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ಪತ್ತೆಹಚ್ಚಿ, ಅದೇ ಗುರುತಿನ ಕಾರ್ಡನ್ನು ತಾನೇ ಎತ್ತಿಕೊಂಡು ಹೋಗಿ ತನ್ನ ಗುಂಪಿನಲ್ಲಿ ಕೂರುತ್ತದೆ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆಟಕುವಂತೆ, ಬರೆಯಲು ಕಪ್ಪು ಪಟ್ಟಿಯಿರುತ್ತದೆ.

ಅಕ್ಷರಗಳ ಕ್ರಮವೊಂದನ್ನೇ ನೋಡಿದರೂ ಆಟದ ತತ್ತ್ವ ಇಲ್ಲಿ ಹೇಗೆ ಕೆಲಸಮಾಡಿದೆಯೆಂದು ತಿಳಿಯುತ್ತದೆ. ನಲಿ-ಕಲಿ ವರ್ಣಮಾಲೆಯ ಸಾಲನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಮೊದಲಾಗುತ್ತದೆ. ಈ ಐದು ಕೈಗೆ ಬಂದೊಡನೆ ಮಗು ಸರ, ಅರಸ, ಅಗಸ, ಗರಗಸ ಎಂದು ಕೂಡಿಸಿಕೊಳ್ಳುತ್ತ, ಯಾರೂ ಹೇಳಿಕೊಡದ ಪದವೊಂದು ತನ್ನ ಕೈಯಲ್ಲಿ ಮೂಡಿದ್ದನ್ನು ಕಂಡು ಹಿಗ್ಗುತ್ತದೆ. ಕ್ರಮವನ್ನು ಆರಿಸಿದ್ದು ದೊಡ್ಡವರು, ಅದರ ಹಿಂದೆ ಸ್ಪಷ್ಟವಾದ ಉದ್ದೇಶವಿದೆ. ಹಿಗ್ಗು ಮಾತ್ರ ಪೂರ್ತಿಯಾಗಿ ಮಗುವಿನದು. ಏರ್ಪಾಡಿನ ಉದ್ದೇಶ ಆಟದ ಒಳಗೆ ಬಾರದಿರುವುದೆಂದರೆ ಇದೇ. ಆದರೆ ಕಾರ್ಡುಗಳನ್ನು ಇಷ್ಟು ದಿನದಲ್ಲಿ ಮುಗಿಸಲೇಬೇಕಾದ ಪಾಠಪಟ್ಟಿಯಾಗಿ ಎಣಿಸಿದಾಗ, ಪ್ರಗತಿಯ ಪಟ್ಟಿಯನ್ನು ಯಾರು ಮುಂದೆ ಯಾರು ಹಿಂದೆ ಎಂದು ತೋರಿಸುವ ಫಲಕವಾಗಿ ಬಳಸಿದಾಗ, ಫ್ರೋಬೆಲ್‌ರ ಉಡುಗೊರೆಗಳಿಗೆ ಆದ ಗತಿ ಈ ಏಣಿಗೂ ಆಗುತ್ತದೆ. ಪಕ್ಕದ ಖಾಸಗಿ ಶಾಲೆಯ ಮಗು ಆಗಲೇ ಕಾಪಿ ಪುಸ್ತಕ ತುಂಬಿಸುತ್ತಿದೆಯೆಂದು ಕಳವಳಪಡುವ ಪೋಷಕರ ಒತ್ತಡವೂ ಶಿಕ್ಷಕರನ್ನು ಆ ಕಡೆಗೇ ದೂಡುತ್ತದೆ.

ಈ ಒತ್ತಡಕ್ಕೆ ಕಾನೂನಿನ ಆಸರೆಯಿಲ್ಲ. ಆರು ವರ್ಷದಿಂದ ಹದಿನಾಲ್ಕರವರೆಗಿನ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯ್ದೆಯಲ್ಲಿ ಕಡ್ಡಾಯ ಎಂಬ ಮಾತಿದೆ, ಆದರೆ ಆ ಕಡ್ಡಾಯ ಬೀಳುವುದು ಸರ್ಕಾರದ ಮೇಲೆ. ಮಗುವಿನ ಕಲಿಕೆ ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕ ನಡೆಯಬೇಕು, ಮಗು ಭಯ ಆತಂಕಗಳಿಂದ ಮುಕ್ತವಾಗಿರಬೇಕು ಎಂದು ಅದರ 29ನೆಯ ಪ್ರಕರಣ ವಿಧಿಸುತ್ತದೆ. ಆದ್ದರಿಂದ ಒಂದು ಮತ್ತು ಎರಡನೆಯ ತರಗತಿಗಳ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮುಖ್ಯಶಿಕ್ಷಕರು, ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ಮತ್ತು ಪೋಷಕರು, ಪ್ರತಿದಿನ ಒಂದು ಅವಧಿಯನ್ನಾದರೂ ಮಗು ತಾನೇ ಆರಿಸಿಕೊಂಡ, ಯಾವ ಅಂಕಪಟ್ಟಿಗೂ ಸೇರದ ಆಟಕ್ಕೆ ಬಿಟ್ಟುಕೊಡಬೇಕು, ಆ ಅವಧಿಯಲ್ಲಿ ಏನು ಕಲಿತೆ ಎಂದು ಮಗುವನ್ನು ಕೇಳದಿರಬೇಕು.