ಇಂದಿನ ಧಮ್ಮ ಚಿಂತನೆ: ಮೊದಲ ಬಾಣ

 

ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಮಾತು ಹೇಳುತ್ತಾರೆ. ದೇಹದ ನೋವು ಮೊದಲನೆಯದು, ಅದಕ್ಕೆ ಮನಸ್ಸು ಪಡುವ ಸಂಕಟ ಎರಡನೆಯದು. ಎರಡನೆಯದನ್ನು ಕೀಳುವುದು ಸಾಧನೆ. ಹಾಗೆಂದು ಮೊದಲನೆಯದಕ್ಕೆ ಮದ್ದು ಬೇಡವೇ?

ಕಲಾದಗಿಯ ನಮ್ಮ ಚಿಗವ್ವನಿಗೆ ಸೊಂಟದ ಕೀಲು ಬದಲಿಸುವ ಆಪರೇಷನ್ ಇದೆ. "ನೋವಿನ ಇಂಜೆಕ್ಷನ್ ಬ್ಯಾಡ, ತಡಕೊಂತೀನಿ" ಎನ್ನುತ್ತಾಳೆ. ನಾನು ಅವಳಿಗೆ ಹೇಳಿದ್ದು ಇಷ್ಟು: ತೊಡೆಸಂದಿಯ ನರಗಳ ಬಳಿ ಮರಗಟ್ಟಿಸುವ ಔಷಧಿ ಕೊಟ್ಟರೆ ಹಲವು ತಾಸು ನೋವು ತಗ್ಗುತ್ತದೆ, ಎಚ್ಚರ ತಪ್ಪುವುದಿಲ್ಲ. ಮಂಪರು ತರುವ ಮಾರ್ಫಿನ್ ಥರದ ಔಷಧಿಯೂ ಕಡಿಮೆ ಸಾಕಾಗುತ್ತದೆ. ಆದರೆ ಕಾಲಿಗೆ ಬಲವಿರದು, ಒಬ್ಬಳೇ ಮಂಚ ಇಳಿಯಬೇಡ. ನೋವಿಗೆ ಅಂಜಿ ಮಲಗಿಯೇ ಇದ್ದರೆ ರಕ್ತ ಹೆಪ್ಪುಗಟ್ಟೀತು.

ಬೆನ್ನು ನೊಂದಾಗ ಭಗವಾನರೇ ಆನಂದನಿಗೆ ಬೋಧಿಸಲು ಹೇಳಿ ಒರಗಿದರು. ಆರೈಕೆ ಪಡೆಯುವುದು ಸೋಲಲ್ಲ. ಔಷಧಿಯ ಬಲ ಇಳಿದ ಮೇಲೆ ಉಳಿಯುವ ನೋವನ್ನು ಉಸಿರಿನ ಅರಿವಿನಿಂದ ನೋಡೋಣ.

ಸಾಧು, ಸಾಧು, ಸಾಧು.